ತಕ್ಕಡಿಯ ಲೆಕ್ಕ ಕಲಿತ ಕಂಪ್ಯೂಟರ್

ಕಂಪ್ಯೂಟರಿಗೆ 0 ಮತ್ತು 1 ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂತ ಶಾಲೆಯಲ್ಲೇ ಹೇಳಿಕೊಡುತ್ತಾರೆ. ಅದೇನೋ ಪ್ರಕೃತಿಯ ನಿಯಮ ಅನ್ನೋ ಹಾಗೆ! ಮಾಸ್ಕೋ ವಿಶ್ವವಿದ್ಯಾಲಯದಲ್ಲಿ 1958ರಲ್ಲೇ ಒಂದು ಯಂತ್ರ −1, 0, 1 ಇಟ್ಟುಕೊಂಡು ಲೆಕ್ಕ ಮಾಡುತ್ತಿತ್ತು. ಹೆಸರು ಸೆತುನ್. ಅಲ್ಲೇ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಅದು. ಕಟ್ಟಿಸಿದವರು ನಿಕೊಲಾಯ್ ಬ್ರುಸೆಂಟ್ಸೊವ್.

ಅದು ಹುಟ್ಟಿದ್ದೇ ಒಂದು ಮುನಿಸಿನಿಂದ. ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿನ್ಯಾಸಕ ಇಸಾಕ್ ಬ್ರುಕ್ ಅವರ ಎಂ-2 ಯಂತ್ರ ಬರಬೇಕಿತ್ತು. ಅಷ್ಟರಲ್ಲಿ ವಿಜ್ಞಾನ ಅಕಾಡೆಮಿಯ ಸದಸ್ಯರ ಚುನಾವಣೆ ಬಂತು. ವಿಶ್ವವಿದ್ಯಾಲಯದ ಗಣಿತಜ್ಞ ಸೊಬೊಲೆವ್ ಮತ ಹಾಕಿದ್ದು ಬ್ರುಕ್‌ಗೆ ಅಲ್ಲ, ಇನ್ನೊಬ್ಬ ಕಂಪ್ಯೂಟರ್ ವಿನ್ಯಾಸಕ ಲೆಬೆಡೆವ್‌ಗೆ. ಬ್ರುಕ್ ಮುನಿಸಿಕೊಂಡರು, ಯಂತ್ರ ಬರಲಿಲ್ಲ! ಬ್ರುಸೆಂಟ್ಸೊವ್ ಹೇಳುತ್ತಿದ್ದ ಕತೆ ಇದು. ಸರಿ, ನಾವೇ ಒಂದು ಕಟ್ಟೋಣ ಅಂದರು ಸೊಬೊಲೆವ್.

ಈಗ ಸಂತೆಯ ತಕ್ಕಡಿ ನೆನೆಸಿಕೊಳ್ಳಿ. 1, 3, 9, 27 ಕಿಲೋದ ನಾಲ್ಕೇ ಕಲ್ಲು. 5 ಕಿಲೋ ಬೇಳೆ ತೂಗಬೇಕೇ? 9ರ ಕಲ್ಲು ಎದುರು ತಟ್ಟೆಗೆ, 3 ಮತ್ತು 1 ಬೇಳೆಯ ಜೊತೆಗೆ. ಹೀಗೆ 40ರವರೆಗೆ ಎಲ್ಲ ತೂಕವೂ ಸಿಗುತ್ತದೆ. ಎದುರು ಕೂತ ಕಲ್ಲು 1, ಬೇಳೆ ಜೊತೆ ಕೂತದ್ದು −1, ಕೆಳಗೇ ಉಳಿದದ್ದು 0. ತಟ್ಟೆಗಳನ್ನು ಅದಲು ಬದಲು ಮಾಡಿದರೆ ಸಂಖ್ಯೆಯೇ ಋಣವಾಗುತ್ತದೆ, ಬೇರೆ ಚಿಹ್ನೆ ಬೇಡ. ಇನ್ನೊಂದು ಚಂದ ನೋಡಿ: 1, 3, 9 ಸೇರಿದರೆ 13, ಅಂದರೆ 27ರ ಅರ್ಧಕ್ಕೂ ಕಡಿಮೆ. ಹಾಗಾಗಿ ಸಂಖ್ಯೆಯ ಬಾಲ, ಅಂದರೆ ಕೊನೆಯ ಅಂಕಿಗಳನ್ನು ಕತ್ತರಿಸಿದರೆ ಸಾಕು, ಅದು ತಾನಾಗೇ ಹತ್ತಿರದ ಬೆಲೆಗೆ ಬಂದು ನಿಲ್ಲುತ್ತದೆ.

ಮೂರರ ಯೋಚನೆ ಬಂದದ್ದು ಎಲ್ಲಿಂದ? ಆಗಿನ ಒಂದು ಸರ್ಕಿಟ್‌ನಲ್ಲಿ ಫೆರೈಟ್ ಅನ್ನೋ ಕಾಂತೀಯ ವಸ್ತುವಿನ ಉಂಗುರಗಳು ಜೋಡಿಯಾಗಿ ಇರುತ್ತಿದ್ದವು. ಒಂದು ದುಡಿಯುತ್ತಿತ್ತು, ಇನ್ನೊಂದು ಅನಗತ್ಯ ಸಿಗ್ನಲ್ ಸರಿದೂಗಿಸಲು ಇತ್ತು, ಅಷ್ಟೇ. ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಸುಮ್ನೆ ನಡೆದ ಹಾಗೆ. ಬ್ರುಸೆಂಟ್ಸೊವ್ ಅದಕ್ಕೂ ನೊಗ ಕಟ್ಟಿದರು. ಮೊದಲನೆಯದು, ಎರಡನೆಯದು, ಯಾವುದೂ ಇಲ್ಲ: ಮೂರು ಸ್ಥಿತಿ ಸಿಕ್ಕವು!

ಹಾಗಂತ ಇದು ಕಳೆದುಹೋದ ಮಾಯಾವಿದ್ಯೆ ಅನ್ನುವವರ ಮಾತು ನಂಬಬೇಡಿ. ಟ್ರಾನ್ಸಿಸ್ಟರ್‌ಗೆ ಎರಡು ಮಟ್ಟ ಗುರುತಿಸುವುದೇ ಸುಲಭ, ಮೂರಾದರೆ ಗೊಂದಲ ಜಾಸ್ತಿ. ಕಜಾನ್ ಕಾರ್ಖಾನೆಯಲ್ಲಿ ಸುಮಾರು 50 ಸೆತುನ್ ತಯಾರಾದವು. 1965ರಲ್ಲಿ ಅದೂ ನಿಂತಿತು. 17 ವರ್ಷ ದುಡಿದ ಮೊದಲ ಯಂತ್ರವನ್ನು ತುಂಡು ಮಾಡಿ ಗುಜರಿಗೆ ಎಸೆದರು.

1970ರ ಸೆತುನ್-70 ಮಾತ್ರ ವಿದ್ಯಾರ್ಥಿ ನಿಲಯದ ಅಟ್ಟ ಸೇರಿತು. ಬ್ರುಸೆಂಟ್ಸೊವ್ ಅಲ್ಲೇ ಕೂತು, ಅದರಿಂದ ಪಾಠ ಹೇಳಿಸಿ ಪರೀಕ್ಷೆಯನ್ನೂ ಮಾಡಿಸಿದರು. ಆ ವ್ಯವಸ್ಥೆಗೆ ಇಟ್ಟ ಹೆಸರು ನಸ್ತಾವ್ನಿಕ್. ಅಂದರೆ ಮೇಷ್ಟ್ರು.