ನರದ ಲೆಕ್ಕ ಬೇರೆ, ಕರಾರಿನ ಲೆಕ್ಕ ಬೇರೆ

2012ರ ಮಾರ್ಚ್ 7ರಂದು ಅಮೆರಿಕನ್ ಫುಟ್‌ಬಾಲ್‌ನ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಪೇಟನ್ ಮ್ಯಾನಿಂಗ್ ಅವರನ್ನು ಕೈಬಿಟ್ಟಿತು. ಅವರಿಗೆ 36 ತುಂಬಲು ಇನ್ನು ಎರಡೂವರೆ ವಾರ ಬಾಕಿ ಇತ್ತು. ತಂಡದ ಮಾಲೀಕ ಜಿಮ್ ಅರ್ಸೇ ಮತ್ತು ಮ್ಯಾನಿಂಗ್ ಒಟ್ಟಿಗೇ ಪತ್ರಿಕಾಗೋಷ್ಠಿ ಮಾಡಿದರು. ಮಾತಾಡುವಾಗ ಇಬ್ಬರಿಗೂ ಗಂಟಲು ಕಟ್ಟಿತ್ತು. ‘ನಿಮ್ಮ ಕ್ವಾರ್ಟರ್‌ಬ್ಯಾಕ್ ಆಗಿದ್ದು ನನಗೆ ನಿಜವಾಗಿ ಖುಷಿ ಕೊಟ್ಟಿದೆ’ ಅಂತ ಅಭಿಮಾನಿಗಳಿಗೆ ಹೇಳಿ ಮ್ಯಾನಿಂಗ್ ಹೊರಟರು.

ವಯಸ್ಸಾಯ್ತು, ಬಿಟ್ಟರು ಅಂತ ಇದನ್ನು ಒಂದೇ ಸಾಲಿನಲ್ಲಿ ಮುಗಿಸುವವರು ಜಾಸ್ತಿ. ಕತ್ತು, ಭುಜ, ತೋಳಿನ ಗಾಯಗಳಲ್ಲೇ ದಿನವಿಡೀ ಕೆಲಸ ಮಾಡುವ ಫಿಸಿಯೋ ಆದ ನನಗೆ ಅದು ಹಾಗೆ ಕಾಣುವುದಿಲ್ಲ. ಕತ್ತಿನ ತೊಂದರೆಯಿಂದ ಹೋದ ಅವರ ತೋಳಿನ ಬಲ ವಾಪಸ್ ಬರುತ್ತಾ ಅನ್ನುವ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕರಾರಿನ ಗಡುವು ಬಂದುಬಿಟ್ಟಿತು. ನನಗೆ ಕಾಣುವ ವಿಷಯ ಇಷ್ಟೇ.

ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಒಂದು ಮಾತು. ಹೆಸರು ಫುಟ್‌ಬಾಲ್ ಆದರೂ ಅಲ್ಲಿ ಚೆಂಡು ಹೆಚ್ಚು ಓಡಾಡುವುದು ಕೈಯಲ್ಲೇ. ಹೆಚ್ಚುಕಮ್ಮಿ ಪ್ರತಿ ದಾಳಿಯೂ ಕ್ವಾರ್ಟರ್‌ಬ್ಯಾಕ್ ಕೈಯಿಂದ ಶುರು. ಎದುರಾಳಿಗಳು ಮೈಮೇಲೆ ಬೀಳುವ ಮುಂಚೆ, ಎರಡು ಮೂರು ಸೆಕೆಂಡಿನಲ್ಲಿ, ಓಡುತ್ತಿರುವ ಜೊತೆಗಾರನ ಕೈಗೆ ಸರಿಯಾಗಿ ಬೀಳುವಂತೆ ಎಸೆಯಬೇಕು. ಮ್ಯಾನಿಂಗ್ 1998ರಿಂದ 13 ಸೀಸನ್ ಕೋಲ್ಟ್ಸ್‌ಗೆ ಈ ಕೆಲಸ ಮಾಡಿದರು. ಲೀಗ್ ಹಂತದ 208 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. 2007ರಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆಲ್ಲಿಸಿಕೊಟ್ಟರು. 2010ರಲ್ಲಿ 10 ಗೆದ್ದು 6 ಸೋತಿದ್ದ ತಂಡ, ಅವರಿಲ್ಲದ 2011ರಲ್ಲಿ 2 ಗೆದ್ದು 14 ಸೋತಿತು.

ಈಗ ಕತ್ತಿನ ವಿಷಯಕ್ಕೆ ಬರೋಣ. 2011ರಲ್ಲಿ ಮಾಲೀಕರಿಗೂ ಆಟಗಾರರಿಗೂ ಜಟಾಪಟಿ ನಡೆದು ಲೀಗ್‌ಗೆ ಬೀಗ ಬಿದ್ದಿತ್ತು. ಮ್ಯಾನಿಂಗ್‌ಗೆ ಮೇ ತಿಂಗಳಲ್ಲಿ ಕತ್ತಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಶಸ್ತ್ರಚಿಕಿತ್ಸೆ ಆಗಿತ್ತು. ಆದರೆ ತಂಡದ ಸಿಬ್ಬಂದಿಯ ಹತ್ತಿರ ತೋರಿಸಿಕೊಳ್ಳುವ ಹಾಗಿರಲಿಲ್ಲ. ಹಾಗಾಗಿ ಡೆನ್ವರ್‌ಗೆ ಹೋಗಿ, ಕಾಲೇಜು ದಿನಗಳ ಗೆಳೆಯ, ಬೇಸ್‌ಬಾಲ್ ಆಟಗಾರ ಟಾಡ್ ಹೆಲ್ಟನ್‌ಗೆ ಚೆಂಡು ಎಸೆದು ನೋಡಿದರು. ಚೆಂಡು ಸ್ವಲ್ಪ ದೂರ ಹೋಗಿ ದೊಪ್ಪನೆ ನೆಲಕ್ಕೆ ಬಿತ್ತು. ಹೆಲ್ಟನ್ ಇದು ತಮಾಷೆ ಅಂದುಕೊಂಡು ನಕ್ಕರಂತೆ. ಮ್ಯಾನಿಂಗ್ ತಮಾಷೆ ಮಾಡಿರಲಿಲ್ಲ.

ಕತ್ತಿನ ಮೂಳೆಗಳ ನಡುವಿಂದ ಹೊರಡುವ ನರಗಳು ತೋಳಿಗೆ ಬರುತ್ತವೆ. ಮೊಣಕೈ ನೇರ ಮಾಡುವ, ತೋಳಿನ ಹಿಂಬದಿಯ ಸ್ನಾಯು ಟ್ರೈಸೆಪ್ಸ್. ಅದಕ್ಕೆ ಮುಖ್ಯವಾಗಿ ಶಕ್ತಿ ಕೊಡುವುದು ಕತ್ತಿನ ಏಳನೇ ನರ. ಜಾರಿದ ಡಿಸ್ಕ್ ಅದನ್ನು ಒತ್ತಿದರೆ ಮೊದಲು ನೋವು, ಜೋಮು. ಒತ್ತಡ ಹೆಚ್ಚಾದರೆ ಬಲವೇ ಹೋಗುತ್ತದೆ. ನರವನ್ನು ಕರೆಂಟ್ ವೈರ್ ಅಂದುಕೊಳ್ಳಿ. ಮೇಲಿನ ಕವಚಕ್ಕೆ ಮಾತ್ರ ಪೆಟ್ಟಾದರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಒಳಗಿನ ಎಳೆಯೇ ಸತ್ತರೆ ಅದು ಗಾಯದ ಜಾಗದಿಂದ ಸ್ನಾಯುವಿನವರೆಗೂ ಮತ್ತೆ ಬೆಳೆಯಬೇಕು. ಆ ಬೆಳವಣಿಗೆ ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ವಯಸ್ಸು ಹೆಚ್ಚಾದಂತೆ ಇನ್ನೂ ನಿಧಾನ. ವ್ಯಾಯಾಮ, ಮಾತ್ರೆ, ಮಸಾಜ್ ಯಾವುದೂ ಇದನ್ನು ಎರಡು ಮಿಲಿಮೀಟರ್ ಮಾಡುವುದಿಲ್ಲ.

ಮ್ಯಾನಿಂಗ್ ಕತ್ತಿಗೆ ಕೊನೆಯ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದು 2011ರ ಸೆಪ್ಟೆಂಬರ್ 8ರಂದು. ಮುಂದಿನಿಂದ ಡಿಸ್ಕ್ ತೆಗೆದು ಎರಡು ಮೂಳೆ ಬೆಸೆದರು. ಇತ್ತ ಅದೇ ವರ್ಷದ ಜುಲೈ ಕೊನೆಯಲ್ಲಿ ಅವರು ಐದು ವರ್ಷಕ್ಕೆ 9 ಕೋಟಿ ಡಾಲರ್‌ನ ಹೊಸ ಕರಾರಿಗೆ ಸಹಿ ಹಾಕಿದ್ದರು. ಅದರಲ್ಲೊಂದು ಷರತ್ತು: 2012ರ ಮಾರ್ಚ್ 8ಕ್ಕೆ ತಂಡ 2.8 ಕೋಟಿ ಡಾಲರ್ ಬೋನಸ್ ಕೊಡಬೇಕು, ಇಲ್ಲವೇ ಅವರನ್ನು ಬಿಡಬೇಕು. ಸೆಪ್ಟೆಂಬರ್ 8ರಿಂದ ಮಾರ್ಚ್ 8, ಸರಿಯಾಗಿ ಆರು ತಿಂಗಳು. ದಿನಕ್ಕೆ ಒಂದು ಮಿಲಿಮೀಟರ್ ಅಂದರೆ 18 ಸೆಂಟಿಮೀಟರ್. ಕತ್ತಿನಿಂದ ಟ್ರೈಸೆಪ್ಸ್‌ಗೆ ಅದಕ್ಕಿಂತ ದೂರ. ಬೆರಳ ತುದಿಗಂತೂ ಕೇಳಲೇಬೇಡಿ. ಇದು ಪುಸ್ತಕದ ಲೆಕ್ಕ, ಅವರ ನರದೊಳಗೆ ಏನಾಗಿತ್ತೋ ಅದು ಅವರ ವೈದ್ಯರ ಕಡತದಲ್ಲಿದೆ. ಆದರೂ ಈ ಲೆಕ್ಕ ನೋಡಿದ ಯಾವ ಫಿಸಿಯೋ ಕೂಡ ಮಾರ್ಚ್‌ನಲ್ಲಿ ಖಚಿತವಾಗಿ ‘ಹೌದು’ ಅಥವಾ ‘ಇಲ್ಲ’ ಅನ್ನುತ್ತಿರಲಿಲ್ಲ.

ಇನ್ನೊಂದು ಗೊಂದಲವೂ ಆಯಿತು. ಫೆಬ್ರವರಿ ಆರಂಭದಲ್ಲಿ ಮ್ಯಾನಿಂಗ್ ಅವರ ಶಸ್ತ್ರವೈದ್ಯರು ಮೂಳೆ ಗಟ್ಟಿಯಾಗಿ ಬೆಸೆದಿದೆ, ಆಡಬಹುದು ಅಂದರು. ಅದರ ಬೆನ್ನಿಗೇ ಅರ್ಸೇ, ಅವರು ನಮ್ಮ ಪರೀಕ್ಷೆಯಲ್ಲಿ ಪಾಸಾಗಿಲ್ಲ ಅಂತ ಟ್ವೀಟ್ ಮಾಡಿದರು. ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ ಅಂತ ಜನ ಅಂದುಕೊಂಡರು. ನನ್ನ ಪ್ರಕಾರ ಯಾರೂ ಸುಳ್ಳು ಹೇಳಲಿಲ್ಲ. ಮೈಮೇಲೆ ಬಿದ್ದರೆ ಕತ್ತು ತಡೆಯುತ್ತಾ ಅನ್ನುವುದು ಮೂಳೆಯ ಪ್ರಶ್ನೆ. ಮೊದಲಿನ ಹಾಗೆ ಎಸೆಯಲು ಆಗುತ್ತಾ ಅನ್ನುವುದು ನರದ ಪ್ರಶ್ನೆ. ‘ಫಿಟ್’ ಅಂತ ಒಂದೇ ಚೀಟಿ ಬರೆದರೆ ಎರಡೂ ಬೆರೆತು ಹೋಗುತ್ತವೆ.

ನರದ ಪ್ರಶ್ನೆಗೆ ಉತ್ತರ ಹುಡುಕುವುದೂ ಸುಲಭವಲ್ಲ. ಟೇಬಲ್ ಮೇಲೆ ಮಲಗಿಸಿ, ಮೊಣಕೈ ಮಡಿಸಿ, ನನ್ನ ಕೈಗೆ ಎದುರಾಗಿ ನೇರ ಮಾಡಿ ಅಂತೀನಿ. ಬಲಕ್ಕೆ ಸೊನ್ನೆಯಿಂದ ಐದರವರೆಗೆ ಗ್ರೇಡ್ ಕೊಡ್ತೀವಿ. ಆಟಗಾರನ ತೋಳು ಮೊದಲೇ ಗಟ್ಟಿ ಇರುತ್ತದೆ. ಕಾಲು ಭಾಗ ಬಲ ಹೋಗಿದ್ದರೂ ನನ್ನ ಕೈಯನ್ನು ಆರಾಮಾಗಿ ತಳ್ಳುತ್ತಾನೆ, ಕಾಗದದ ಮೇಲೆ ಐದಕ್ಕೆ ಐದು. ಅದಕ್ಕೇ ಗೋಡೆಗೆ ಒಂದೇ ಕೈ ಊರಿ, ಮೊಣಕೈ ಮಡಿಸಿ ತಳ್ಳಿಸುತ್ತೇನೆ. ಎರಡೂ ಕೈಯಲ್ಲಿ ಎಣಿಸುತ್ತೇನೆ. ಸರಿ ಇರುವ ಕೈ ಇಪ್ಪತ್ತು ಸಲ ಸಲೀಸಾಗಿ ತಳ್ಳುತ್ತದೆ. ಏಟಾದ ಕಡೆ ಹತ್ತು ದಾಟುವಷ್ಟರಲ್ಲಿ ಮೊಣಕೈ ನಡುಗುತ್ತದೆ, ಭುಜ ಕಿವಿಯ ಕಡೆ ಏರುತ್ತದೆ. ಮೈ ಅಲ್ಲಿ ಗುಟ್ಟು ಬಿಟ್ಟುಕೊಡುತ್ತದೆ. ಪಂದ್ಯದ ಕೊನೆಯ ಹತ್ತು ನಿಮಿಷದಲ್ಲೂ ದೂರದ ಎಸೆತ ಬೇಕಾದ ಆಟಗಾರನಿಗೆ ಈ ಪರೀಕ್ಷೆಯೂ ಸಾಲದು.

ಇನ್ನು ಕೋಲ್ಟ್ಸ್ ಕಡೆಯ ಲೆಕ್ಕ. ಕೊನೆಯ ಸ್ಥಾನಕ್ಕೆ ಬಿದ್ದಿದ್ದರಿಂದ ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ಮೊದಲ ಆಯ್ಕೆ ಅವರಿಗೇ ಸಿಕ್ಕಿತು. ಎಲ್ಲರ ಕಣ್ಣು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ವಾರ್ಟರ್‌ಬ್ಯಾಕ್ ಆಂಡ್ರ್ಯೂ ಲಕ್ ಮೇಲಿತ್ತು. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಕರಾರು ಆಗಿತ್ತು. ಮಾಲೀಕರಿಗೂ ಆಟಗಾರರಿಗೂ 2011ರಲ್ಲಿ ಆದ ಹೊಸ ಒಪ್ಪಂದ ಹೊಸಬರ ಸಂಬಳಕ್ಕೆ ಕಡಿವಾಣ ಹಾಕಿತು. ಲಕ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು 2.21 ಕೋಟಿ. ಮ್ಯಾನಿಂಗ್‌ಗೆ ಒಂದೇ ಸಲ ಕೊಡಬೇಕಿದ್ದ ಬೋನಸ್‌ಗಿಂತ ಕಡಿಮೆ! ಇದು ದುಡ್ಡಿನ ವಿಷಯ ಅಲ್ಲ ಅಂತ ಬೀಳ್ಕೊಡುವ ದಿನ ಇಬ್ಬರೂ ಹೇಳಿದರು. ಅವರ ಮಾತನ್ನು ಅನುಮಾನಿಸುವುದಿಲ್ಲ, ಆದರೆ ಈ ಅಂಕಿಗಳು ಅವರ ಮುಂದೆ ಇದ್ದೇ ಇದ್ದವು, ಅಲ್ವಾ? ಮಾರ್ಚ್‌ನ ತೀರ್ಮಾನವನ್ನು ನಾನು ದೂರುವುದಿಲ್ಲ. ನನ್ನ ತಕರಾರು ಜುಲೈನ ಷರತ್ತಿನ ಮೇಲೆ. ಆಗಲೇ ಕತ್ತಿನ ತೊಂದರೆ ಗೊತ್ತಿತ್ತು. ಅಂಥ ಕತ್ತಿಗೆ ಮಾರ್ಚ್ ತುಂಬಾ ಹತ್ತಿರ.

ಡೆನ್ವರ್ ಬ್ರಾಂಕೋಸ್ ತಂಡ ಬೇರೆ ದಾರಿ ಹಿಡಿಯಿತು. ಮಾರ್ಚ್ 20ರಂದು ಮ್ಯಾನಿಂಗ್ ಜೊತೆ ಐದು ವರ್ಷಕ್ಕೆ 9.6 ಕೋಟಿ ಡಾಲರ್‌ನ ಕರಾರು ಮಾಡಿಕೊಂಡಿತು. ಮೊದಲ ವರ್ಷದ ಹಣ ಖಚಿತ. ಮುಂದಿನ ದೊಡ್ಡ ಗ್ಯಾರಂಟಿ ಬೇಕಾದರೆ 2013ರ ಮಾರ್ಚ್‌ನಲ್ಲಿ ಕತ್ತಿನ ಪರೀಕ್ಷೆ ಪಾಸಾಗಬೇಕು. ಅಂದರೆ ನರಕ್ಕೆ ಇನ್ನೂ ಒಂದು ವರ್ಷ ಸಿಕ್ಕಿತು. ಅವರು ಪಾಸಾದರು. 2013ರ ಸೀಸನ್‌ನಲ್ಲಿ ಅವರ ಎಸೆತಗಳಿಂದ 55 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಅಂಕ ಗಳಿಸುವುದು), 5,477 ಗಜ ಮುನ್ನಡೆ, ಎರಡೂ ಲೀಗ್ ದಾಖಲೆ. 2016ರ ಫೆಬ್ರವರಿಯಲ್ಲಿ 39ನೇ ವಯಸ್ಸಿಗೆ ಎರಡನೇ ಸೂಪರ್ ಬೌಲ್ ಗೆದ್ದು, ಮುಂದಿನ ತಿಂಗಳು ನಿವೃತ್ತರಾದರು. ಬೆರಳ ತುದಿಯ ಸ್ಪರ್ಶ ಮಾತ್ರ ವಾಪಸ್ ಬರಲಿಲ್ಲ ಅಂತ ಅವರೇ ಹೇಳಿದ್ದಾರೆ. ಚಳಿಯಲ್ಲಿ ಚೆಂಡು ಹಿಡಿತಕ್ಕೆ ಸಿಗಲಿ ಅಂತ ಗ್ಲೌಸ್ ಹಾಕಿ ಎಸೆಯುತ್ತಿದ್ದರು. ಅತ್ತ ಮೊದಲ ವರ್ಷವೇ ಕೋಲ್ಟ್ಸ್‌ಗೆ 11 ಪಂದ್ಯ ಗೆಲ್ಲಿಸಿಕೊಟ್ಟ ಲಕ್, ಗಾಯದ ಮೇಲೆ ಗಾಯವಾಗಿ 2019ರಲ್ಲಿ 29ಕ್ಕೇ ಆಟ ಬಿಟ್ಟರು.

ನಮ್ಮಲ್ಲಿ ಕಬಡ್ಡಿ, ಬ್ಯಾಡ್ಮಿಂಟನ್ ತಂಡಗಳ ಮ್ಯಾನೇಜರ್‌ಗಳು ತೋಳಿನ ನರಕ್ಕೆ ಏಟಾದ ಆಟಗಾರನ ಬಗ್ಗೆ ಸರ್ಟಿಫಿಕೇಟ್ ಕೇಳಿದಾಗ ನಾನು ಮೂಳೆಗೊಂದು ಸಾಲು, ನರಕ್ಕೊಂದು ಸಾಲು ಬೇರೆ ಬೇರೆ ಬರೆಯುತ್ತೇನೆ. ಎರಡೂ ತೋಳಿನ ಎಣಿಕೆ ಅಕ್ಕಪಕ್ಕ ಹಾಕುತ್ತೇನೆ. ಕೆಳಗೆ ಮುಂದಿನ ಮೂರು ಪರೀಕ್ಷೆಗಳ ತಾರೀಕು: ಆರನೇ ತಿಂಗಳು, ಒಂಬತ್ತನೇ ತಿಂಗಳು, ಒಂದು ವರ್ಷ. ಕರಾರು ಬರೆಯುವವರು ಹಣದ ತಾರೀಕನ್ನು ಈ ಮೂರರಲ್ಲಿ ಕೊನೆಯದಕ್ಕೆ ಕಟ್ಟಲಿ ಅಂತ ಕೇಳಿಕೊಳ್ಳುತ್ತೇನೆ.