ದೊಡ್ಡ ಗಾಯಕ್ಕೆ ಚರ್ಮ ಸಿಕ್ಕರೆ ಸಾಲದು, ರಕ್ತವೂ ಬೇಕು

ಅಂಗೈ ಅಗಲದ ಚರ್ಮ ಕಿತ್ತುಹೋದ ಗಾಯವನ್ನು ಕಂಡ ಮನೆಯವರು ಮೊದಲು ಕೇಳುವುದು, 'ಇಷ್ಟು ಚರ್ಮ ಎಲ್ಲಿಂದ ತರ್ತೀರಿ?' ಎಂದು. ಪ್ಲಾಸ್ಟಿಕ್ ಸರ್ಜನ್ ನೋಡುವುದು ಗಾಯದ ತಳವನ್ನು. ತಳದಲ್ಲಿ ಕೆಂಪಗೆ ಜೀವವಿರುವ ಸ್ನಾಯು ಇದ್ದರೆ ತೊಡೆಯಿಂದ ತೆಳ್ಳಗೆ ಹೆರೆದ ಚರ್ಮವೇ ಸಾಕು. ಮೇಲ್ಪೊರೆ ಹೋದ ಮೂಳೆ, ಹೊದಿಕೆ ಕಳಚಿದ ಸ್ನಾಯುರಜ್ಜು ಅಥವಾ ಲೋಹದ ಪ್ಲೇಟ್ ಕಾಣುತ್ತಿದ್ದರೆ, ಅದರ ಮೇಲೆ ಎಷ್ಟು ಅಚ್ಚುಕಟ್ಟಾಗಿ ಕಸಿ ಹಾಸಿದರೂ ಕೆಲವೇ ದಿನಗಳಲ್ಲಿ ಕಪ್ಪಾಗಿ ಕಳಚಿಕೊಳ್ಳುತ್ತದೆ. ಅಂಥಲ್ಲಿಗೆ ತನ್ನ ರಕ್ತನಾಳವನ್ನು ಜೊತೆಯಲ್ಲೇ ತರುವ ಅಂಗಾಂಶ, ಅಂದರೆ ಫ್ಲಾಪ್, ಬೇಕು.

ಫ್ಲಾಪ್ ಮಾಡುವ ಕೈಚಳಕ ಬಹಳ ಹಿಂದೆಯೇ ಇತ್ತು. ಅದು ಏಕೆ ಬದುಕುತ್ತದೆ ಎಂಬುದು ತಿಳಿದದ್ದು ತೀರಾ ಈಚೆಗೆ. ಕತ್ತರಿಸಿಹೋದ ಮೂಗಿಗೆ ಎಲೆಯಿಂದ ಅಳತೆ ತೆಗೆದು ಕೆನ್ನೆಯ ಚರ್ಮವನ್ನು ಕೂರಿಸುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಪುಣೆಯ ಬಳಿ ನಡೆದ ಇಂಥದೇ ಶಸ್ತ್ರಚಿಕಿತ್ಸೆಯನ್ನು ವಿವರವಾಗಿ ಅಚ್ಚು ಹಾಕಿತು. ಮೇಣದ ತೆಳು ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಮತ್ತೆ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆಯುವುದು. ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಸಣ್ಣ ಪಟ್ಟಿ ಉಳಿಸಿಕೊಂಡು ಕೆಳಕ್ಕೆ ತಿರುಗಿಸುವುದು. ಸುಮಾರು 25ನೇ ದಿನ ಆ ಪಟ್ಟಿ ಕತ್ತರಿಸುವುದು. ಗುಟ್ಟೆಲ್ಲ ಆ ಪಟ್ಟಿಯಲ್ಲಿದೆ. ಹೊಸ ಜಾಗದ ಅಂಚುಗಳಿಂದ ನಾಳಗಳು ಬೆಳೆದು ಒಳಹೋಗುವ ತನಕ ಚರ್ಮಕ್ಕೆ ರಕ್ತ ಬರುವುದು ಅದರ ಮೂಲಕ. 1814ರಲ್ಲಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದೇ ಕ್ರಮದಲ್ಲಿ ಮೂಗು ಕಟ್ಟಿದ. ಇಟಲಿಯ ತಾಲ್ಯಕೋಝಿ 1597ರಷ್ಟು ಹಿಂದೆಯೇ ತೋಳಿನ ಚರ್ಮವನ್ನು ಮೂಗಿಗೆ ಹೊಲಿಯುವ ವಿಧಾನವನ್ನು ಚಿತ್ರಸಮೇತ ಪ್ರಕಟಿಸಿದ್ದ. ರೋಗಿ ತೋಳನ್ನು ಮುಖಕ್ಕೆ ಕಟ್ಟಿಸಿಕೊಂಡು ವಾರಗಟ್ಟಲೆ ಕೂರಬೇಕಿತ್ತು.

ಪೂರ್ತಿ ಬಿಡಿಸಿದ ಚರ್ಮವೂ ಬದುಕಬಲ್ಲದು ಎಂದು ಖಚಿತವಾದದ್ದು 1869ರಲ್ಲಿ, ಪ್ಯಾರಿಸ್‌ನಲ್ಲಿ ಜಾಕ್ ರೆವರ್ಡಿನ್ ಚಿಟಿಕೆಯಷ್ಟು ಚೂರುಗಳನ್ನು ಗಾಯದ ಮೇಲೆ ನೆಟ್ಟಾಗ. 1874ರಲ್ಲಿ ಜರ್ಮನಿಯ ಟೀರ್ಶ್ ತೆಳು ಹಾಳೆಗಳನ್ನೇ ಹೆರೆದು ಹಾಸಿದ. ಒಂದೇ ದಪ್ಪಕ್ಕೆ ಹೆರೆಯುವ ಡರ್ಮಟೋಮ್ 1939ರಲ್ಲಿ ಬಂತು. ಹಾಳೆಗೆ ಸೀಳು ಹಾಕಿ ಬಲೆಯಂತೆ ಹಿಗ್ಗಿಸುವ ಯಂತ್ರ 1964ರಲ್ಲಿ.

ಈ ಕಸಿ ಹಿಡಿಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಹೆರೆಯುವುದು 0.2ರಿಂದ 0.4 ಮಿಲಿಮೀಟರ್ ದಪ್ಪಕ್ಕೆ. ಮೊದಲ ಒಂದೆರಡು ದಿನ ಅದಕ್ಕೆ ರಕ್ತವೇ ಇಲ್ಲ. ಗಾಯದ ತಳದಿಂದ ಜಿನುಗುವ ದ್ರವವನ್ನು ಹೀರಿ ಜೀವ ಹಿಡಿದಿರುತ್ತದೆ. ಎರಡು-ಮೂರನೇ ದಿನ ತಳದ ಸೂಕ್ಷ್ಮನಾಳಗಳು ಕಸಿಯ ನಾಳಗಳ ಬಾಯಿಗೆ ಕೂಡಿಕೊಳ್ಳುತ್ತವೆ. ಐದರಿಂದ ಏಳನೇ ದಿನದ ಹೊತ್ತಿಗೆ ಹರಿವು ನೆಲೆ ನಿಲ್ಲುತ್ತದೆ. ಈ ನಡುವೆ ಕಸಿಗೂ ತಳಕ್ಕೂ ಮಧ್ಯೆ ತೆಳು ಪದರದಷ್ಟು ರಕ್ತ ಹೆಪ್ಪುಗಟ್ಟಿದರೂ ಅಷ್ಟು ಭಾಗ ಸತ್ತಂತೆ. ಬಲೆಯ ಸೀಳುಗಳು ಗಾಯದಗಲ ಹಿಗ್ಗಿಕೊಳ್ಳುವುದಷ್ಟೇ ಅಲ್ಲ, ಅಡಿಯಲ್ಲಿ ನಿಲ್ಲುವ ರಕ್ತ, ದ್ರವಕ್ಕೂ ದಾರಿ ಬಿಡುತ್ತವೆ. ಎರಡನೇ ಶತ್ರು ಜಾರುವಿಕೆ: ಆಗಷ್ಟೇ ಕೂಡಿದ ನಾಳಗಳು ಸಣ್ಣ ಎಳೆತಕ್ಕೂ ಕಿತ್ತುಹೋಗುತ್ತವೆ. ಬಿಗಿ ಡ್ರೆಸ್ಸಿಂಗ್, ಕೀಲು ಅಲುಗದಂತೆ ಸ್ಪ್ಲಿಂಟ್, ಐದನೇ ದಿನದವರೆಗೆ ಬಿಚ್ಚಬೇಡಿ ಎಂಬ ಸೂಚನೆ, ಎಲ್ಲವೂ ಇದಕ್ಕೇ. ಮೂರನೆಯದು ಸೋಂಕು. ಅದರಲ್ಲೂ ಬೀಟಾ ಹೀಮೊಲಿಟಿಕ್ ಸ್ಟ್ರೆಪ್ಟೊಕಾಕಸ್ ಇದ್ದರೆ ಕಸಿಯೇ ಕರಗಿಹೋಗುತ್ತದೆ; ಅದನ್ನು ತೊಲಗಿಸುವವರೆಗೆ ಕಸಿಗೆ ಕೈ ಹಾಕಬಾರದು.

ಮೊದಲ ಮಹಾಯುದ್ಧ ಮುಖವೇ ಹಾರಿಹೋದ ಸೈನಿಕರನ್ನು ತಂದಿತು. ಒಡೆಸ್ಸಾದ ಫಿಲಾಟೊವ್, ಇಂಗ್ಲೆಂಡಿನ ಗಿಲ್ಲೀಸ್ ಹೆಚ್ಚುಕಡಿಮೆ ಒಂದೇ ಕಾಲಕ್ಕೆ, 1916-17ರಲ್ಲಿ, ಫ್ಲಾಪಿನ ತೊಟ್ಟನ್ನು, ಅಂದರೆ ರಕ್ತ ತರುವ ಆ ಪಟ್ಟಿಯನ್ನು, ಕೊಳವೆಯಾಗಿ ಸುತ್ತಿ ಹೊಲಿದರು. ಒಳಮೈ ತೆರೆದಿರದ್ದರಿಂದ ಸೋಂಕು ಇಳಿಯಿತು. ಹೊಟ್ಟೆಯ ಚರ್ಮ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮುಖಕ್ಕೆ, ಪ್ರತಿ ಹೆಜ್ಜೆಗೂ ವಾರಗಟ್ಟಲೆ ಕಾಯುತ್ತ ಸಾಗುತ್ತಿತ್ತು.

ಆಗ ಪಾಲಿಸುತ್ತಿದ್ದ ನಿಯಮ: ಫ್ಲಾಪಿನ ಉದ್ದ ಅದರ ಬುಡದ ಅಗಲಕ್ಕೆ ತಕ್ಕಷ್ಟೇ ಇರಬೇಕು. 1970ರಲ್ಲಿ ಮಿಲ್ಟನ್ ಹಂದಿಗಳ ಮೇಲಿನ ಪ್ರಯೋಗದಲ್ಲಿ ಇದನ್ನು ತಪ್ಪೆಂದು ತೋರಿಸಿದರು. ಬುಡ ಅಗಲಿಸಿದರೆ ಅಂಥವೇ ನಾಳಗಳು ಇನ್ನಷ್ಟು ಸೇರುತ್ತವೆಯೇ ಹೊರತು ರಕ್ತ ಮತ್ತಷ್ಟು ದೂರ ಹೋಗುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ತಿರುವು ಇದೇ. ತೊಡೆಸಂದಿಯಲ್ಲಿ ಗೊತ್ತಾದ ಒಂದು ಅಪಧಮನಿಯ ಜಾಡಿನಲ್ಲೇ ಉದ್ದನೆಯ ಫ್ಲಾಪ್ ಎತ್ತಬಹುದೆಂದು 1972ರಲ್ಲಿ ಮೆಕ್‌ಗ್ರೆಗರ್, ಜಾಕ್ಸನ್ ತೋರಿಸಿಕೊಟ್ಟರು. ನಾಳ ಗೊತ್ತಾದ ಮೇಲೆ ತೊಟ್ಟಿನ ಹಂಗೇಕೆ? ಸೂಕ್ಷ್ಮದರ್ಶಕದಡಿ ಸಣ್ಣ ನಾಳ ಹೊಲಿಯುವ ವಿದ್ಯೆ 1960ರಿಂದಲೇ ಬೆಳೆಯುತ್ತಿತ್ತು. 1973ರಲ್ಲಿ ಡೇನಿಯಲ್, ಟೇಲರ್ ಅದೇ ತೊಡೆಸಂದಿಯ ಫ್ಲಾಪನ್ನು ಪೂರ್ತಿ ಬಿಡಿಸಿ ಕಾಲಿನ ಗಾಯಕ್ಕೆ ತಂದು, ನಾಳಕ್ಕೆ ನಾಳ ಹೊಲಿದದ್ದನ್ನು ವರದಿ ಮಾಡಿದರು. ಕೊಳವೆಯ ತಿಂಗಳುಗಳು ಒಂದು ದಿನಕ್ಕೆ ಇಳಿದವು. 1989ರಲ್ಲಿ ಜಪಾನಿನ ಕೊಶಿಮಾ, ಸೊಯೆಡಾ ಸ್ನಾಯುವನ್ನು ಉಳಿಸಿ, ಅದನ್ನು ತೂರಿ ಬರುವ ನಾಳದ ಮೇಲೆಯೇ ಚರ್ಮ ಎತ್ತಿದರು.

ಇಂಥ ಫ್ಲಾಪಿನ ಮೊದಲ ರಾತ್ರಿ ವಾರ್ಡಿನ ನರ್ಸ್ ಕೈಯಲ್ಲಿರುತ್ತದೆ. ಒಂದರಿಂದ ಮೂರು ಮಿಲಿಮೀಟರ್ ಅಗಲದ ನಾಳ, ಕೂದಲಿಗಿಂತ ತೆಳುವಾದ ದಾರದ ಹೊಲಿಗೆ. ಎಲ್ಲಿ ಹೆಪ್ಪುಗಟ್ಟಿದರೂ ಸೋಲು. ಹಾಗಾಗಿ ಗಂಟೆಗೊಮ್ಮೆ ಒತ್ತಿ ನೋಡಬೇಕು. ಬಿಳಚಿದ ಜಾಗಕ್ಕೆ ಎರಡು-ಮೂರು ಸೆಕೆಂಡಿನಲ್ಲಿ ಬಣ್ಣ ಮರಳಿದರೆ ಸರಿ. ಬಿಳಚಿ, ತಣ್ಣಗಾಗಿ, ಬಣ್ಣ ಮರಳದಿದ್ದರೆ ಅಪಧಮನಿ ಕಟ್ಟಿದೆ. ನೀಲಿಗಟ್ಟಿ, ಉಬ್ಬಿ, ಒತ್ತಿ ಬಿಟ್ಟೊಡನೆ ಬಣ್ಣ ಧಾವಿಸಿ ಬಂದರೆ, ಸೂಜಿ ಚುಚ್ಚಿದಾಗ ಕಪ್ಪು ರಕ್ತ ಬಂದರೆ, ಅಭಿಧಮನಿ ಕಟ್ಟಿದೆ; ಹೆಚ್ಚಾಗಿ ಆಗುವುದು ಇದೇ. ಎರಡರಲ್ಲೂ ಬೆಳಗಿನವರೆಗೆ ಕಾಯುವಂತಿಲ್ಲ, ಕೂಡಲೇ ಥಿಯೇಟರಿಗೆ ಒಯ್ದು ಹೊಲಿಗೆ ಬಿಚ್ಚಿ ನೋಡಬೇಕು.

ಯಾವಾಗ ಮುಚ್ಚಬೇಕು ಎಂಬುದಕ್ಕೆ ಬಲವಾದ ಉತ್ತರ ಕೊಟ್ಟವರು ಲ್ಯುಬ್ಲಿಯಾನಾದ ಮಾರ್ಕೊ ಗೊಡಿನಾ. 1986ರಲ್ಲಿ ಪ್ರಕಟವಾದ ಅವರ 532 ರೋಗಿಗಳ ಲೆಕ್ಕದಲ್ಲಿ, ಸತ್ತ ಅಂಗಾಂಶವನ್ನೆಲ್ಲ ತೆಗೆದು 72 ಗಂಟೆಯೊಳಗೆ ಮುಚ್ಚಿದವರಲ್ಲಿ ಫ್ಲಾಪ್ ಸೋತದ್ದು ಶೇ 0.75, ಸೋಂಕು ಶೇ 1.5. 72 ಗಂಟೆಯಿಂದ ಮೂರು ತಿಂಗಳೊಳಗೆ ಮುಚ್ಚಿದವರಲ್ಲಿ ಅವು ಶೇ 12 ಮತ್ತು ಶೇ 17.5.

1997ರಲ್ಲಿ ಅರ್ಜೆಂಟಾ, ಮೊರಿಕ್ವಾಸ್ ಪ್ರಕಟಿಸಿದ ನಿರ್ವಾತ ಡ್ರೆಸ್ಸಿಂಗ್ ಈ ಗಡುವನ್ನು ಸಡಿಲಿಸಿದಂತೆ ಕಂಡಿತು. ಗಾಯಕ್ಕೆ ಸ್ಪಂಜು ತುಂಬಿ, ಪ್ಲಾಸ್ಟಿಕ್ ಹಾಳೆ ಅಂಟಿಸಿ, ಸುಮಾರು 125 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಹೀರುವುದು. ಎರಡು-ಮೂರು ದಿನಕ್ಕೊಮ್ಮೆ ಸ್ಪಂಜು ಬದಲಿಸುವುದು. ದ್ರವ ತೆಗೆಯಲು, ಊತ ಇಳಿಸಲು, ಕಸಿಯನ್ನು ತಳಕ್ಕೆ ಒತ್ತಿಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ಕಡಿಮೆ. ಸತ್ತ ಅಂಗಾಂಶ ಉಳಿದಿರುವಾಗ, ತೆರೆದ ದೊಡ್ಡ ರಕ್ತನಾಳದ ಮೇಲೆ ಅಥವಾ ಕ್ಯಾನ್ಸರ್ ಇರುವ ಗಾಯಕ್ಕೆ ಇದನ್ನು ಹಾಕಬಾರದು. ಮುರಿದ ಮೂಳೆ ತೆರೆದಿರುವ ಕಾಲಿಗೆ ವಾರಗಟ್ಟಲೆ ಸ್ಪಂಜು ಬದಲಿಸುತ್ತ ಕೂರುವುದಂತೂ ಸಲ್ಲದು. ಅಂಥ ರೋಗಿಗೆ ಮೊದಲ ಸ್ಪಂಜು ಹಾಕಿದ ದಿನವೇ ಫ್ಲಾಪ್ ಮಾಡುವವರಿಗೆ ಫೋನ್ ಹೋಗಬೇಕು.