ರೈನ್ ನದೀಲಿ ಹಡಗಿಗಿಂತ ಮುಂಚೆ ಹೋಗೋ ಮೆಸೇಜು

ಯಾವ ಸಮಸ್ಯೆ ಹೇಳಿದ್ರೂ "ಒಂದು ಆ್ಯಪ್ ಮಾಡ್ಬಿಟ್ರೆ ಆಯ್ತಲ್ಲ" ಅನ್ನೋರಿಗೆ ನಾನು ರೈನ್ ನದಿ ತೋರಿಸ್ತೀನಿ. ಬಾಸೆಲ್‌ನಲ್ಲಿ ಹೊರಟ ಸರಕು ಹಡಗು ರಾಟರ್‌ಡ್ಯಾಮ್ ಮುಟ್ಟೋ ಅಷ್ಟರಲ್ಲಿ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ನಾಲ್ಕನ್ನೂ ನೋಡಿರತ್ತೆ. ಮುಂಚೆ ದಾರೀಲಿ ಸಿಗೋ ಟ್ರಾಫಿಕ್ ಕೇಂದ್ರಗಳಿಗೆಲ್ಲ ರೇಡಿಯೋದಲ್ಲಿ ಹಡಗಿನ ಹೆಸರು, ಉದ್ದ, ಸರಕು ಅಂತ ಅದನ್ನೇ ಮತ್ತೆ ಮತ್ತೆ ಒದರಬೇಕಿತ್ತು, ಆ ಗದ್ದಲದಲ್ಲಿ ಅಲ್ಲಿ ಕೂತೋರಿಗೆ ಏನು ಕೇಳಿಸ್ತೋ ಅದೇ ದಾಖಲೆ.

ಈಗ ಹಡಗು, ಅದರ ಸರಕು, ಪ್ರಯಾಣದ ವಿವರ ಎಲ್ಲಾ ಇರೋ ಎರಿನಾಟ್ ಅನ್ನೋ ಎಲೆಕ್ಟ್ರಾನಿಕ್ ಮೆಸೇಜ್ ಹಡಗಿಗಿಂತ ಮುಂಚೆನೇ ಆ ಕೇಂದ್ರಗಳಿಗೆ ಹೋಗತ್ತೆ. ಇದು 1980ರ ದಶಕದಲ್ಲಿ ವಿಶ್ವಸಂಸ್ಥೆ ವ್ಯಾಪಾರಕ್ಕೆ ಅಂತ ರೂಪಿಸಿದ ಎಡಿಫ್ಯಾಕ್ಟ್ ಸ್ಟಾಂಡರ್ಡ್‌ನ ಮೇಲೇ ಕಟ್ಟಿದ್ದು, ನೋಡೋಕೆ ಬೆಕ್ಕು ಕೀಬೋರ್ಡ್ ಮೇಲೆ ನಡೆದ ಹಾಗಿರತ್ತೆ. ಆದ್ರೆ ಪ್ಲಸ್ ಚಿಹ್ನೆ ಬಂದ್ರೆ ಮುಂದಿನ ಖಾನೆ, ಕೋಲನ್ ಬಂದ್ರೆ ಅದೇ ಖಾನೆಯೊಳಗಿನ ಇನ್ನೊಂದು ತುಂಡು, ಅಪಾಸ್ಟ್ರಫಿ ಬಂದ್ರೆ ಆ ಸಾಲು ಮುಗೀತು. ಪಕ್ಕಪಕ್ಕದಲ್ಲಿ ಎರಡು ಪ್ಲಸ್ ಇದ್ರೆ ಮಧ್ಯದ ಖಾನೆ ಖಾಲಿ. ಸರಿ, ಹಡಗಿನ ಹೆಸರಲ್ಲೇ ಅಪಾಸ್ಟ್ರಫಿ ಇದ್ರೆ? ಅದಕ್ಕಿಂತ ಮುಂಚೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ, ಇದು ಬರೀ ಅಕ್ಷರ ಅಂತ ಕಂಪ್ಯೂಟರ್ ತಿಳ್ಕೊಳತ್ತೆ. ಎಷ್ಟು ಅಚ್ಚುಕಟ್ಟು ನೋಡಿ!

ಖಾನೆಯೊಳಗೆ ಏನು ತುಂಬಬೇಕು ಅನ್ನೋದೇ ನಿಜವಾದ ಕೆಲಸ. ಸಲ್ಫ್ಯೂರಿಕ್ ಆಸಿಡ್‌ಗೆ ಜರ್ಮನ್ನರದ್ದು ಒಂದು ಹೆಸರು ಡಚ್ಚರದ್ದು ಇನ್ನೊಂದು, ಮೆಸೇಜ್‌ನಲ್ಲಿ ಮಾತ್ರ ವಿಶ್ವಸಂಸ್ಥೆ ಕೊಟ್ಟ 1830 ಅನ್ನೋ ನಂಬರ್, ಪೆಟ್ರೋಲ್‌ಗೆ 1203. ಹಡಗಿಗೆ 8 ಅಂಕಿಯ ಗುರುತು, ಮಾಲೀಕ ಬದಲಾದ್ರೂ ಹೆಸರು ಬದಲಾದ್ರೂ ಅದು ಬದಲಾಗಲ್ಲ. ಜಾಗಕ್ಕೆ 20 ಅಕ್ಷರದ ಕೋಡ್: 2 ದೇಶಕ್ಕೆ, 3 ಊರಿಗೆ, 5 ನದಿಯ ಭಾಗಕ್ಕೆ, 5 ಅಲ್ಲಿರೋ ಸೇತುವೆ ಅಥವಾ ಲಾಕ್‌ಗೆ (ನೀರಿನ ಮಟ್ಟ ಏರಿಸಿ ಇಳಿಸಿ ಹಡಗು ದಾಟಿಸೋ ಗೇಟಿನ ಕಟ್ಟೆ), ಕೊನೇ 5 ದೂರಕ್ಕೆ, ಅದೂ 100 ಮೀಟರ್ ಲೆಕ್ಕದಲ್ಲಿ.

ನಾಲ್ಕು ಸರ್ಕಾರಗಳು ಇದಕ್ಕೆ ಒಪ್ಪಿದ್ದು ಹೇಗೆ ಅಂತ ಕೇಳಿದ್ರೆ ನೆಪೋಲಿಯನ್ ಕಾಲಕ್ಕೆ ಹೋಗ್ಬೇಕು. 1815ರ ವಿಯೆನ್ನಾ ಸಮಾವೇಶದಲ್ಲೇ ರೈನ್‌ಗೆ ಒಂದು ಅಂತರರಾಷ್ಟ್ರೀಯ ಆಯೋಗ ಆಯ್ತು, 1868ರ ಮಾನ್‌ಹೈಮ್ ಒಪ್ಪಂದ ಇವತ್ತಿಗೂ ಅದರ ಬುನಾದಿ, ಆಫೀಸ್ ಸ್ಟ್ರಾಸ್‌ಬರ್ಗ್‌ನಲ್ಲಿದೆ. ಅಂದ್ರೆ ಕಂಪ್ಯೂಟರ್ ಬರೋಕೂ ಮುಂಚೆನೇ ಕೂತು ಜಗಳ ಆಡೋಕೆ ಒಂದು ಮೇಜು ಇತ್ತು! 2005ರಲ್ಲಿ ನದಿ ಸಾರಿಗೆಯ ಮಾಹಿತಿ ವ್ಯವಸ್ಥೆ ಬಗ್ಗೆ ಯುರೋಪಿಯನ್ ಯೂನಿಯನ್ನಿನ ನಿರ್ದೇಶನ ಬಂತು, 2010ರಿಂದ ರೈನ್‌ನಲ್ಲಿ ಕಂಟೇನರ್ ಹಡಗುಗಳಿಗೆ ಎಲೆಕ್ಟ್ರಾನಿಕ್ ವರದಿ ಶುರುವಾಯ್ತು, 2014ರ ಡಿಸೆಂಬರ್‌ನಿಂದ ಎಐಎಸ್, ಅಂದ್ರೆ ಹಡಗಿನ ಗುರುತು ಮತ್ತು ಇರೋ ಜಾಗವನ್ನ ತಾನೇ ರೇಡಿಯೋದಲ್ಲಿ ಸಾರೋ ಸಾಧನ, ಕಡ್ಡಾಯ. ಸಮುದ್ರದ ಎಐಎಸ್‌ನಲ್ಲಿ ಹಡಗಿನ ಉದ್ದ ಅಗಲ ಮೀಟರ್ ಲೆಕ್ಕದಲ್ಲಿದ್ರೆ ನದಿಯದ್ದರಲ್ಲಿ 10 ಸೆಂಟಿಮೀಟರ್ ಲೆಕ್ಕ, ಲಾಕ್‌ನೊಳಗೆ ತೂರಿಸೋರಿಗೆ ಅದು ಬೇಕೇ ಬೇಕು.

ಇದನ್ನ ಮಂತ್ರದಂಡ ಅನ್ಕೋಬೇಡಿ. 2011ರ ಜನವರಿಯಲ್ಲಿ ಜರ್ಮನಿಯಲ್ಲಿ ರೈನ್ ದಡದ ಲೊರೆಲೈ ಬಂಡೆ ಹತ್ತಿರ ವಾಲ್ಡ್‌ಹೋಫ್ ಅನ್ನೋ ಟ್ಯಾಂಕರ್ ಸುಮಾರು 2,400 ಟನ್ ಸಲ್ಫ್ಯೂರಿಕ್ ಆಸಿಡ್ ಸಮೇತ ಮಗುಚಿತು, ವಾರಗಟ್ಟಲೆ ನೂರಾರು ಹಡಗು ನಿಂತವು. ತನಿಖೆಯಲ್ಲಿ ಸಿಕ್ಕಿದ ಕಾರಣ ಹಡಗಿನ ಸ್ಥಿರತೆ ಸಾಲದಿದ್ದದ್ದು, ಅದನ್ನ ಯಾವ ಮೆಸೇಜೂ ತಡೀತಿರ್ಲಿಲ್ಲ. ನೀರಲ್ಲಿ ಬಿದ್ದಿರೋದು 1830 ಅಂತ ಮುಂಚೆನೇ ಗೊತ್ತಿದ್ರೆ ದಡದಲ್ಲಿರೋ ಫೈರ್ ಬ್ರಿಗೇಡ್‌ನೋರು ಯಾವ ತಯಾರಿಯಲ್ಲಿ ಬರ್ಬೇಕು ಅನ್ನೋದು ಮಾತ್ರ ಬೇಗ ತೀರ್ಮಾನ ಆಗತ್ತೆ.

ಡೇಟಾ ದಡದಿಂದ ಹಡಗಿಗೂ ಬರತ್ತೆ. 2018ರ ಅಕ್ಟೋಬರ್‌ನಲ್ಲಿ ರೈನ್ ದಡದ ಕೌಬ್ ಊರಿನ ನೀರಿನ ಮಟ್ಟದ ಮಾಪಕ 25 ಸೆಂಟಿಮೀಟರ್‌ಗೆ ಇಳಿದಿತ್ತು. ಇಂಥ ಅಂಕಿ, ಜಾಗ, ನಿರ್ಬಂಧ ಎಲ್ಲಾ ಕೋಡ್ ಆಗೇ ಬರೋದ್ರಿಂದ ಹಡಗಿನೋರು ಅದನ್ನ ತಮ್ಮ ತಮ್ಮ ಭಾಷೇಲಿ ಓದ್ಕೊಂಡು, ಇವತ್ತು ಎಷ್ಟು ಟನ್ ಕಮ್ಮಿ ತುಂಬ್ಬೇಕು ಅಂತ ಲೆಕ್ಕ ಹಾಕ್ತಾರೆ.